ಕಂಡಕ್ಟರ್ ಕೋಚು

ಹಂಗಳದ ಪುಟ್ಟಮಾದಣ್ಣ ನಮ್ಮ ಗುಂಡ್ಲುಪೇಟೆ ಫುಟ್‌ಬಾಲ್ ಟೀಮಿಗೆ ಕೋಚಾದದ್ದು ಅವನ ಹತ್ತಿರ ವಿಷಲ್ ಇತ್ತು ಅನ್ನೋ ಒಂದೇ ಕಾರಣಕ್ಕೆ. ಕೇರಳದ ಬತ್ತೇರಿಗೆ ಹೋಗುವ ಬಸ್ಸಿನ ಕಂಡಕ್ಟರ್ ಅವನು. ಮೈದಾನದಲ್ಲೂ ಅವನಿಗೆ ಬರುತ್ತಿದ್ದದ್ದು ಅದೇ ಬಸ್ಸಿನ ಪಾಠ: "ಮುಂದಕ್ಕೋಗ್ರಲಾ, ಮುಂದಕ್ಕೋಗಿ!" ಹತ್ತೂ ಜನ ಮುಂದಕ್ಕೆ ಹೋಗುತ್ತಿದ್ದರು. ಹಿಂದೆ ಗೋಲಿನಲ್ಲಿ ನಾನೊಬ್ಬನೇ ಬಾಯಿ ಬಡಿದುಕೊಳ್ಳುತ್ತಿದ್ದೆ.

ತೊಂಬತ್ತಾರರಲ್ಲಿ ಸತತ ಏಳು ಮ್ಯಾಚ್ ಸೋತೆವು. ತಪ್ಪು ಕೋಚಿನದು ಅಂತ ನಾವು ಬೈದೆವು. "ನಿಮ್ ಕಾಲ್ಗೆಲ್ಲ ಗೆದ್ಲು ಇಡ್ದದೆ" ಅಂತ ಅವನು ಬೈದ. ಸತ್ಯ ಗೊತ್ತಾಗಲಿ ಅಂತ, ಬತ್ತೇರಿ ಟೀಮಿನ ಜೊತೆ ಆಡುವಾಗ ಎರಡನೇ ಅರ್ಧಕ್ಕೆ ಕೋಚುಗಳನ್ನೇ ಅದಲುಬದಲು ಮಾಡಿಕೊಂಡೆವು. ಆ ಅರ್ಧದಲ್ಲಿ ಬತ್ತೇರಿಯವರು ನಮಗೆ ನಾಲ್ಕು ಗೋಲು ಹೊಡೆದರು.

ಪುಟ್ಟಮಾದಣ್ಣ ಎದೆಯುಬ್ಬಿಸಿಕೊಂಡು ಬಂದ. "ಈಗೇನಂದೀರ್ಲಾ? ನಾ ಕೋಚಾದ ಟೀಮು ಗೆಲ್ನಿಲ್ವಾ?"

ಬತ್ತೇರಿ ಕ್ಯಾಪ್ಟನ್ ತನ್ನ ಅರೆಬರೆ ಕನ್ನಡದಲ್ಲಿ ಗುಟ್ಟು ಬಿಟ್ಟುಕೊಟ್ಟ: "ಇವರು ಹೇಳಿದ್ದಕ್ಕೆಲ್ಲ ನಾವು ಉಲ್ಟಾ ಮಾಡಿದ್ವಿ."

ನಾವು ಬಿದ್ದು ಬಿದ್ದು ನಕ್ಕೆವು. ಪುಟ್ಟಮಾದಣ್ಣ ಮಾತ್ರ ಕುಗ್ಗಲಿಲ್ಲ.

"ನೋಡ್ರಲಾ, ಅವ್ರು ಅರ್ಧ ಮ್ಯಾಚ್ಗೇ ಕಲ್ತ್ಬುಟ್ರು. ನಿಮ್ಗೆ ಮೂರು ವರ್ಸದಿಂದ ಯೋಳ್ತಾ ಇವ್ನಿ, ಒಬ್ಬನ್ಗಾದ್ರೂ ಉಲ್ಟಾ ಮಾಡೋ ಬುದ್ಧಿ ಬಂತಾ?"