ಓಡಿದ ಮೇಲೆ ಕಂಡ ಕಾಕಾನ ಎದೆ

ನಮ್ಮ ಕಾಕಾ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ. ಬೆನ್ನ ಮೇಲೆ ಚೀಲ ಹೊತ್ತು, ಹಲಗೆ ಏರಿ ಲಾರಿ ತುಂಬುವವನು. ಅದೇ ಗಿರಣಿಯಲ್ಲಿ ಚೀಲದ ಬಾಯಿ ಹೊಲಿಯುವ ಕೆಲಸ ನನ್ನದು. ಹೊಲಿದದ್ದಕ್ಕಿಂತ ಮಂದಿಯ ನಕಲು ಮಾಡಿದ್ದೇ ಹೆಚ್ಚು ಅನ್ನಿ.

ಎದೆ ಉರಿಯುತ್ತದೆಂದು ಕಾಕಾ ಸೋಡಾದ ಮೇಲೆ ಸೋಡಾ ಕುಡಿಯುವುದನ್ನು ನೋಡಿ ನೋಡಿ, ಅವನ ಹೆಂಡತಿ ಚಿಗವ್ವ ಒಂದು ದಿನ ಅವನನ್ನು ಹೃದಯದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ನಾನೂ ಬಾಲದಂತೆ ಹೋದೆ. ಇಸಿಜಿ ಸರಿಯಿತ್ತು. ಎಡಮಗ್ಗುಲಾಗಿ ಮಲಗಿಸಿ, ಎದೆಗೆ ತಣ್ಣನೆಯ ಜೆಲ್ ಹಚ್ಚಿ ಎಕೋ ಮಾಡಿದರು. ಪರದೆಯ ಮೇಲೆ ಹೃದಯ ಚೆನ್ನಾಗಿಯೇ ಬಡಿಯುತ್ತಿತ್ತು.

“ಭಾರ ಹೊತ್ತು ಏರುವಾಗ ಎದಿ ಹಿಡೀತೈತೇನ್ರಿ?” ಡಾಕ್ಟರು ಕೇಳಿದರು.

“ಇಲ್ರಿ ಸಾಹೇಬ್ರ, ಗ್ಯಾಸ್ ಅಷ್ಟ,” ಎಂದು ಕಾಕಾ ಅಂಗಿ ಗುಂಡಿ ಹಾಕತೊಡಗಿದ.

ಹೂಂ ಅಂದರೆ ಹಮಾಲರ ಗುಂಪಿನಿಂದ ಬಿಡಿಸುತ್ತಾರೆಂಬ ಹೆದರಿಕೆ ಅವನಿಗೆ. ನನಗೆ ಆಗ ಅದು ಹೊಳೆಯಲಿಲ್ಲ. ಚಿಗವ್ವನ ಸಪ್ಪೆ ಮುಖ ನೋಡಲಾಗದೆ, ನಗಿಸೋಣವೆಂದು ಕಾಕಾನ ನಕಲು ಶುರು ಮಾಡಿದೆ. ಬೆನ್ನು ಬಾಗಿಸಿ ನಾಲ್ಕು ಹೆಜ್ಜೆ, ತಟ್ಟನೆ ನಿಲುಗಡೆ, ಎದೆಯ ಮೇಲೆ ಮುಷ್ಟಿ, ದವಡೆ ಉಜ್ಜಿ, “ಬೀಡಿ ಐತೇನ್ಲೇ?” ಎಂದು ಯಾರನ್ನೋ ಕೇಳುವ ನೆಪ, ಮತ್ತೆ ನಡಿಗೆ.

ಯಾರೂ ನಗಲಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟರು.

“ಇನ್ನೊಮ್ಮೆ ಮಾಡಪಾ. ಎಲ್ಲಿ ನಿಂದರ್ತಾರ?”

“ಹಲಗಿ ಅರ್ಧಕ್ಕರಿ. ದಿನಾ ಅಲ್ಲೇ.”

“ಕುಂತಾಗ?”

“ಕುಂತಾಗ ಹುಲಿ ಅದಾನ್ರಿ.”

“ಮಂಗ್ಯಾನ ಮಗನ, ಚೀಲ ಬಿಟ್ಟು ನಿನ್ನ ಬಾಯಿ ಹೊಲ್ಕೋ ಮೊದಲ,” ಕಾಕಾ ಹಲ್ಲು ಕಡಿದ.

ಡಾಕ್ಟರು ಮಾತ್ರ, “ಹಂಗಾದ್ರ ಓಡಿಸಿ ನೋಡೋಣು,” ಎಂದರು.

ಟ್ರೆಡ್‌ಮಿಲ್ಲಿನ ತಿರುಗುವ ಪಟ್ಟೆಯ ಮೇಲೆ ನಿಂತ ಕಾಕಾ, “ಓಡಿ ಯಾವೂರು ಮುಟ್ಟೋದ್ರಿ?” ಅಂದ.

“ಕಾರಟಗಿ ತನಕ ಹೊಂಡು,” ಅಂದೆ ನಾನು.

ಪಟ್ಟೆ ಏರುಮುಖವಾದದ್ದೇ ತಡ, ಮುಷ್ಟಿ ಎದೆಗೆ ಹೋಯಿತು. ಏದುಸಿರು ಇಳಿಯುವ ಮೊದಲೇ ಮಲಗಿಸಿ ಮತ್ತೆ ಎಕೋ. ಹೃದಯದ ಉಳಿದ ಭಾಗವೆಲ್ಲ ಗಟ್ಟಿಯಾಗಿ ಹಿಂಡುತ್ತಿದ್ದರೆ, ಮುಂಭಾಗದ ಗೋಡೆಯೊಂದು ಹಿಂಡಲಾರದೆ ಹಿಂದುಳಿದಿತ್ತು. ಆ ಸೋಮಾರಿತನದ ಗುರುತು ನನಗೆ ತಕ್ಷಣ ಸಿಕ್ಕಿತು: ಬೆಳಿಗ್ಗೆ ಹಾಸಿಗೆ ಬಿಟ್ಟೇಳಲು ಒಲ್ಲೆನೆನ್ನುವ ನಾನೇ!

“ಸುಮ್ನ ಮಲಗಿದಾಗ ಅಲ್ಲಿಗೆ ಬರೋ ರಕ್ತ ಸಾಕಾಕ್ಕೈತಿ. ದುಡಿದಾಗ ಸಾಲೂದಿಲ್ಲ. ರಕ್ತನಾಳ ಸಣ್ಣಾಗೈತಿ,” ಡಾಕ್ಟರು ತೋರಿಸಿದರು.

ಕಾಕಾ ಪರದೆಯನ್ನೇ ನೋಡಿದ. “ಕಾಲುವಿ ಕೊನೀ ಗದ್ದಿ ಇದ್ದಂಗ,” ಅಂದ. ಆಮೇಲೆ ಮೆಲ್ಲಗೆ, “ನಾಕು ತಿಂಗಳಾತ್ರಿ, ಹಿಡ್ಯಾಕ ಹತ್ತಿ.”

ಗೆದ್ದೆವು! ಚಾಕು ಇಲ್ಲ, ನಾಳದೊಳಗೆ ತೂರಿಸುವ ತಂತಿ ಇಲ್ಲ, ಒಂದು ಮುದ್ದೆ ಜೆಲ್ಲಿನಲ್ಲಿ ಕಳ್ಳ ಸಿಕ್ಕಿದ್ದ, ಅದೂ ಎದೆ ಒಡೆಯುವ ಮೊದಲು. ಹುಬ್ಬಳ್ಳಿಯಲ್ಲಿ ನಾಳ ಅಗಲ ಮಾಡಿಸಿದೆವು. ಕೆಲವು ತಿಂಗಳ ನಂತರ ಅದೇ ಪಟ್ಟೆ, ಅದೇ ಓಟ. ಈ ಸಲ ಕಾಕಾ ಕೊನೆಯವರೆಗೂ ಓಡಿದ. ಮಲಗಿದರೆ, ಗೋಡೆಗಳೆಲ್ಲ ಒಂದೇ ತಾಳಕ್ಕೆ ಹಿಂಡುತ್ತಿದ್ದವು.

“ಛಲೋ ಆಗೈತಿ. ಸಣ್ಣ ಚೀಲದಿಂದ ಸುರು ಮಾಡ್ರಿ,” ಎಂದರು ಡಾಕ್ಟರು.

ಕಾಕಾ ಜೆಲ್ ಒರೆಸಲೂ ಬಿಡಲಿಲ್ಲ. ಮಲಗಿದಲ್ಲಿಂದಲೇ ನನ್ನ ಮೊಬೈಲು ಕಸಿದು ಗುಂಪಿನ ಮೇಸ್ತ್ರಿಗೆ ಹಚ್ಚಿ ಕೂಗಿದ:

“ನನ್ನ ಜಾಗಾದಾಗ ಯಾರನ್ನರ ನಿಂದ್ರಿಸಿದ್ರ ಇಳಸ್ರಿ! ಸೋಮಾರ ಬರಾಕತ್ತೀನಿ!”