ನರ್ಸಿಂಗ್ ಕಾಲೇಜಿನ ಡ್ರಾಯಿಂಗ್ ಮೇಷ್ಟ್ರು

ನಮ್ಮಪ್ಪ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದರು. ನಿವೃತ್ತರಾದ ಮೇಲೆ ಅಮ್ಮನ ತಲೆ ತಿನ್ನುವುದೇ ಅವರ ಕೆಲಸವಾಯಿತು. ಅಡುಗೆಮನೆಯ ಡಬ್ಬಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿ, ಅಮ್ಮ ಉಪ್ಪಿಗಾಗಿ ಅರ್ಧ ಗಂಟೆ ಹುಡುಕಿದ ದಿನವೇ ನರ್ಸಿಂಗ್ ಕಾಲೇಜಿನ ಪ್ರಿನ್ಸಿಪಾಲರ ಫೋನ್ ಬಂತು. ವಾರಕ್ಕೊಂದು ಗಂಟೆ ವಿದ್ಯಾರ್ಥಿಗಳಿಗೆ ಚಿತ್ರ ಬರೆಯುವುದನ್ನು ಕಲಿಸಬೇಕಂತೆ. ಮಕ್ಕಳು ರೋಗಿಯ ಮುಖಕ್ಕಿಂತ ಮೊದಲು ಫೈಲು ನೋಡುತ್ತಾರೆ, ಸ್ವಲ್ಪ ಮನುಷ್ಯರನ್ನು ನೋಡುವ ಅಭ್ಯಾಸವಾಗಲಿ ಎಂಬುದು ಆಕೆಯ ಆಸೆ.

"ಒಪ್ಕೊಂಡ್ಬಿಡಿ," ಅಂದಳು ಅಮ್ಮ, ಅಪ್ಪ ಫೋನ್ ಕೆಳಗಿಡುವ ಮೊದಲೇ.

ಬುಧವಾರ ಬಂತೆಂದರೆ ಅಪ್ಪನನ್ನು ಹಿಡಿಯುವವರಿರಲಿಲ್ಲ. ತಾವೇ ಅಂಗಿ ಇಸ್ತ್ರಿ ಮಾಡಿಕೊಂಡು, ಬಸ್ಸಿಗೆ ಒಂದು ಗಂಟೆ ಮುಂಚೆಯೇ ಹೊರಟುಬಿಡುತ್ತಿದ್ದರು. ಆದರೆ ಕಾಲೇಜು ನಡೆಸುವ ಆಸ್ಪತ್ರೆಯ ಮುಖ್ಯಸ್ಥರಾದ ದೊಡ್ಡ ಡಾಕ್ಟರಿಗೆ ಈ ಕ್ಲಾಸೆಂದರೆ ಅಷ್ಟಕ್ಕಷ್ಟೆ. ಪರೀಕ್ಷೆಗೆ ಬಾರದ ಪಾಠ ಯಾಕೆ, ಎರಡು ತಿಂಗಳು ನೋಡಿ ನಿಲ್ಲಿಸೋಣ ಅಂದಿದ್ದರು. ಅದನ್ನು ಕೇಳಿದ ದಿನ ಅಪ್ಪನಿಗೆ ಊಟ ಸೇರಲಿಲ್ಲ. ಪಾಪ ಅನ್ನಿಸಿತು ನನಗೆ.

ಮಾಡೆಲ್ ಆಗಿ ಕೂರಲು ಆಸ್ಪತ್ರೆಯ ಲಿಫ್ಟ್ ನಡೆಸುವವರು ಒಪ್ಪಿದ್ದರು. ಎಲ್ಲರ ಬಾಯಲ್ಲೂ ಅವರು ಲಿಫ್ಟಣ್ಣ. ಕುರ್ಚಿಯ ಮೇಲೆ ಕೂತರೆ ಐದು ನಿಮಿಷಕ್ಕೆ ಗೊರಕೆ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಮೊದಲ ವಾರ ಬರೆದ ಚಿತ್ರ ನೋಡಿ, "ಇದು ನನ್ನ ಮೂಗಾ, ಆಲೂಗಡ್ಡೆನಾ?" ಎಂದು ಲಿಫ್ಟಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತಿನಿಂದ ಆ ಹುಡುಗಿ ಮುಖದ ಗೊಡವೆಗೇ ಹೋಗದೆ ಅವರ ಶೂಗಳನ್ನಷ್ಟೇ ಬರೆಯತೊಡಗಿದಳು.

ಮೂರನೇ ವಾರ ಅವಳ ಚಿತ್ರದಲ್ಲಿ ಶೂ ಲೇಸು ಸಡಿಲವಾಗಿತ್ತು. ಅಪ್ಪನಿಗೋ ಅಚ್ಚುಕಟ್ಟಿನ ಹುಚ್ಚು. ರಬ್ಬರಿನಿಂದ ಉಜ್ಜಿ, ತಾವೇ ಬಿಗಿಯಾದ ಚೆಂದದ ಗಂಟು ಬರೆದುಕೊಟ್ಟರು. ನಾಲ್ಕನೇ ವಾರ ಲೇಸು ಇನ್ನೂ ಸಡಿಲ. ಮತ್ತೆ ಉಜ್ಜಿದರು. ಐದನೇ ವಾರ ಲೇಸೇ ಇಲ್ಲ! ಅಪ್ಪನ ಪಿತ್ತ ನೆತ್ತಿಗೇರಿತು.

"ಎಷ್ಟು ಸಲ ಹೇಳೋದಮ್ಮ? ಶೂಗೆ ಲೇಸ್ ಇರುತ್ತೆ!"

"ಇವರ ಶೂಗೆ ಇಲ್ಲ ಸರ್. ವಾರವಾರ ಸಡಿಲ ಮಾಡ್ಕೊಂಡು, ಈಗ ಕಿತ್ತೇ ಹಾಕಿದ್ದಾರೆ. ನೋಡಿ."

ಅಪ್ಪ ಬಗ್ಗಿ ನೋಡಿದರು. ಹುಡುಗಿ ಲಿಫ್ಟಣ್ಣನ ಕಾಲುಚೀಲ ಸರಿಸಿ ಹೆಬ್ಬೆರಳಿನಿಂದ ಒತ್ತಿದಳು. ಒತ್ತಿದಲ್ಲಿ ಬಿದ್ದ ಗುಳಿ ಹಾಗೇ ಉಳಿಯಿತು.

"ವಯಸ್ಸಾಯ್ತಲ್ಲ, ಕಾಲು ಊದ್ಕೊಳ್ಳುತ್ತೆ ಅಂದ್ಕೊಂಡಿದ್ದೆ ಕಣಮ್ಮ," ಅಂದರು ಲಿಫ್ಟಣ್ಣ, ನಿದ್ದೆಗಣ್ಣಿನಲ್ಲಿ.

ಅವರನ್ನು ಅಲ್ಲಿಂದಲೇ ತಪಾಸಣೆಗೆ ಕರೆದೊಯ್ದರು. ಹೃದಯ ಸೋತಿದ್ದರಿಂದ ಮೈಯಲ್ಲಿ ನೀರು ತುಂಬಿತ್ತು. ಸಕಾಲಕ್ಕೆ ಗೊತ್ತಾಗಿದ್ದು ಒಳ್ಳೆಯದಾಯಿತು. ಹತ್ತು ದಿನದಲ್ಲಿ ಲಿಫ್ಟಣ್ಣ ವಾರ್ಡಿನಲ್ಲಿ ಎದ್ದು ಕೂತು, ಬಂದವರನ್ನೆಲ್ಲ ಯಾವ ಮಹಡಿ ಎಂದು ತಮಾಷೆಗೆ ಕೇಳುವಷ್ಟು ಚೇತರಿಸಿಕೊಂಡರು.

ಕ್ಲಾಸಿನ ಹಣೆಬರಹ ತೀರ್ಮಾನವಾಗುವ ಮೀಟಿಂಗಿನಲ್ಲಿ ಪ್ರಿನ್ಸಿಪಾಲರು ಉಬ್ಬಿಹೋಗಿದ್ದರು. "ಇದೆಲ್ಲ ನಮ್ಮ ಮೇಷ್ಟ್ರ ತರಬೇತಿ," ಅಂದರು. ಸುಮ್ಮನಿದ್ದಿದ್ದರೆ ಬುಧವಾರ ಉಳಿಯುತ್ತಿತ್ತು. ಅಪ್ಪ ಎದ್ದು ನಿಂತರು.

"ಇಲ್ಲ ಮೇಡಂ. ಆ ಮಗು ಇದ್ದಿದ್ದನ್ನ ಇದ್ದ ಹಾಗೆ ಬರೀತು. ನಾನೇ ಎರಡು ವಾರ ಉಜ್ಜಿ ಹಾಕ್ದೆ. ನನ್ನ ಮಾತು ಕೇಳಿದ್ದಿದ್ರೆ ಲಿಫ್ಟಣ್ಣನ ಗತಿ ಏನಾಗ್ತಿತ್ತೋ."

ಪ್ರಿನ್ಸಿಪಾಲರ ಮುಖ ಇಂಗು ತಿಂದ ಮಂಗನ ಹಾಗಾಯಿತು. ದೊಡ್ಡ ಡಾಕ್ಟರು ಅಪ್ಪನ ಕಡೆ ತಿರುಗಿದರು.

"ನಾನು ದಿನಕ್ಕೆ ಹತ್ತು ಸಲ ಆ ಲಿಫ್ಟಲ್ಲಿ ಓಡಾಡ್ತೀನಿ, ಮೇಷ್ಟ್ರೇ," ಅಂದರು. "ನಿಮಗೆ ಶೂ ಆದ್ರೂ ಕಾಣಿಸ್ತು. ನಂಗೆ ಆ ಮನುಷ್ಯನೇ ಕಾಣಿಸಿರ್ಲಿಲ್ಲ. ಕ್ಲಾಸ್ ನಡೀಲಿ."

ಮುಂದಿನ ಬುಧವಾರ ಅಪ್ಪ ಸೀದಾ ಕೊನೆಯ ಬೆಂಚಿನ ಹತ್ತಿರ ಹೋದರು. ಮೂವತ್ತನಾಲ್ಕು ವರ್ಷದಲ್ಲಿ ಯಾವ ವಿದ್ಯಾರ್ಥಿಗೂ ಹೇಳದ ಮಾತನ್ನು ಇಡೀ ಕ್ಲಾಸಿನ ಮುಂದೆ ಹೇಳಿದರು.

"ತಪ್ಪಾಯ್ತಮ್ಮ. ಸ್ವಲ್ಪ ಸರ್ಕೋ, ನಾನೂ ಇಲ್ಲೇ ಕೂತು ಬರೀತೀನಿ."