ಅಪ್ಪನಿಗೆ ಓದಿ ಹೇಳಿದ ಕಲ್ಲು

ಚಾಮರಾಜಪೇಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ನಮ್ಮಪ್ಪ ಮಾಲಿ. ಯಾವ ಕಚೇರಿ ಅಂತ ಹೇಳುವುದಿಲ್ಲ. ಅಲ್ಲಿದ್ದವರಲ್ಲಿ ಕೆಲವರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಈ ವಯಸ್ಸಿನಲ್ಲಿ ನನಗೆ ಅವರ ಜೊತೆ ಜಗಳ ಬೇಕಿಲ್ಲ. ಕಾಂಪೌಂಡಿನ ಹಿಂದುಗಡೆ ನೇರಳೆ ಮರದ ಕೆಳಗೆ ಮೂರು ವೀರಗಲ್ಲುಗಳು ನಿಂತಿದ್ದವು. ಕಚೇರಿ ಕಟ್ಟುವ ಮೊದಲೇ ಅಲ್ಲಿದ್ದವಂತೆ. ಕೆಳಗೆ ಕತ್ತಿ ಹಿಡಿದು ಕಾದಾಡುವವನು, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಹೆಂಗಸರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ಅವನೇ. ದೊಡ್ಡ ಕಲ್ಲಿನಲ್ಲಿ ಮಾತ್ರ ಬೊಂಬೆಗಳ ನಡುವಿನ ಪಟ್ಟಿಗಳಲ್ಲಿ ಅಕ್ಷರ ಕೊರೆದಿತ್ತು.

ಕಚೇರಿಯವರಿಗೆ ಆ ಕಲ್ಲುಗಳು ಟವೆಲ್ ಒಣಗಿಸುವುದಕ್ಕೆ, ಸೈಕಲ್ ಒರಗಿಸುವುದಕ್ಕೆ ಅನುಕೂಲವಾಗಿದ್ದವು. ಎಲೆಅಡಿಕೆ ಉಗಿಯುವವರೂ ಇದ್ದರು. ಅಪ್ಪ ಮಾತ್ರ ಶುಕ್ರವಾರ ನೀರು ಹಾಕಿ ತೊಳೆದು ಎರಡು ಕಣಗಿಲೆ ಹೂವು ಇಡುತ್ತಿದ್ದ. "ಇವ್ರ ಬಾಯಿಗೆ ಹುಳ ಬೀಳ, ಸತ್ತೋನ್ ಮಕದ್ ಮೇಲೆ ಉಗೀತಾರಲ್ಲ" ಎಂದು ಗೊಣಗುತ್ತಿದ್ದ. ಜೋರಾಗಿ ಹೇಳುವ ಧೈರ್ಯ ಅವನಿಗಿರಲಿಲ್ಲ.

ಅಪ್ಪನಿಗೆ ಓದು ಬರುತ್ತಿರಲಿಲ್ಲ. ಅವನ ಕಾಲಕ್ಕೆ ಅವನ ಹಳ್ಳಿಯಲ್ಲಿ ನಮ್ಮ ಜನದ ಮಕ್ಕಳನ್ನು ಶಾಲೆಯ ಜಗಲಿ ಹತ್ತಿಸುತ್ತಿರಲಿಲ್ಲ. ನಮ್ಮ ವಂಶದಲ್ಲೇ ಅಕ್ಷರ ಕಲಿತ ಮೊದಲನೆಯವಳು ನಾನು, ಅದೂ ಹೆಣ್ಣು. ಹಾಗಾಗಿ ಕಣ್ಣಿಗೆ ಬಿದ್ದಿದ್ದನ್ನೆಲ್ಲ ನನ್ನಿಂದ ಓದಿಸುವುದು ಅವನಿಗೊಂದು ಚಟ. ಭಾನುವಾರ ಗಾಂಧಿ ಬಜಾರಿಗೆ ಕರೆದುಕೊಂಡು ಹೋದರೆ ಅಂಗಡಿ ಬೋರ್ಡು, ಸಿನಿಮಾ ಪೋಸ್ಟರು, ಕಡ್ಲೆಕಾಯಿ ಕಟ್ಟಿಕೊಟ್ಟ ಪೇಪರು, ಯಾವುದನ್ನೂ ಬಿಡುತ್ತಿರಲಿಲ್ಲ. "ಓದವ್ವಾ, ಅದೇನಂತೆ?" ಎಂದು ನಿಂತುಬಿಡುತ್ತಿದ್ದ. ನಾನು ಓದುವಾಗ ಕಡ್ಲೆಕಾಯಿ ಅಗಿಯುವುದನ್ನೂ ನಿಲ್ಲಿಸುತ್ತಿದ್ದ.

ಎಪ್ಪತ್ತರ ದಶಕದ ನಡುಭಾಗ, ನಾನು ಐದನೇ ಕ್ಲಾಸು. ಶಾಲೆ ಬಿಟ್ಟಮೇಲೆ ಅಪ್ಪನ ಕೆಲಸ ಮುಗಿಯುವ ತನಕ ನೇರಳೆ ಮರದ ಕೆಳಗೆ ಕೂತಿರುತ್ತಿದ್ದೆ. ಒಂದು ಶುಕ್ರವಾರ ಕಲ್ಲು ತೊಳೆದವನೇ ಬೆರಳಿಟ್ಟು ಕೇಳಿದ: "ಇದ್ನ ಓದವ್ವಾ."

ನೋಡಿದೆ. ಕನ್ನಡವೇ, ಆದರೆ ನಮ್ಮ ಪುಸ್ತಕದ ಕನ್ನಡವಲ್ಲ. ಒಂದು ಅಕ್ಷರ 'ಗ' ಇದ್ದಂತಿತ್ತು, ಇನ್ನೊಂದು 'ರ' ಇರಬಹುದು, ಮಿಕ್ಕಿದ್ದು ದೇವರಿಗೇ ಗೊತ್ತು. ಬರುವುದಿಲ್ಲ ಅನ್ನಬಹುದಿತ್ತು. ಅಪ್ಪನ ಮುಖ ನೋಡಿ ಬಾಯಿ ಬರಲಿಲ್ಲ. "ಕಳ್ಳರು ಈ ಊರಿನ ದನ ಹೊಡ್ಕೊಂಡು ಹೋದ್ರು. ಒಬ್ಬ ವೀರ ಅಡ್ಡ ನಿಂತು ದನ ಬಿಡಿಸಿ ಸತ್ತ. ಅವನ ಮಗಳು ಈ ಕಲ್ಲು ನಿಲ್ಲಿಸಿದಳು" ಎಂದು ಒಂದೇ ಉಸಿರಿಗೆ ಹೇಳಿದೆ.

"ಎಸ್ರು? ಎಸ್ರೇನಂತೆ?"

ಬಾಯಿಗೆ ಬಂದದ್ದು ನಮ್ಮ ತಾತನ ಹೆಸರು. ಹೇಳಿಬಿಟ್ಟೆ.

ಅಪ್ಪ ಕುಕ್ಕರಗಾಲಲ್ಲಿ ಕೂತ. "ನಮ್ಮಪ್ಪನ್ ಎಸ್ರು ಕಲ್ಮೇಲೆ ಐತಾ? ಅಂಗಾರೆ ನಮ್ಮೋರೂ ಇದ್ರು ಕಣವ್ವಾ" ಎಂದ. ಕಣ್ಣು ತುಂಬಿತ್ತು. ಮಾರನೆಯ ದಿನ ಜವಾನರಿಗೆ, ಗುಮಾಸ್ತರಿಗೆ, ಟೀ ತರುವವನಿಗೆ, ಕೊನೆಗೆ ಗೇಟಿನ ಮುಂದೆ ಸೊಪ್ಪು ಮಾರುವವಳಿಗೂ ಹೇಳಿದ. ಅವತ್ತೇ ನಿಜ ಹೇಳಿದ್ದರೆ ಒಂದು ಏಟಿಗೆ ಮುಗಿಯುತ್ತಿತ್ತು. ಹೇಳಲಿಲ್ಲ, ಮುಂದಿನ ವಾರ ಇನ್ನೊಂದು ಸಾಲು ಸೇರಿಸಿದೆ. ಆ ಶುಕ್ರವಾರಗಳ ಅಪ್ಪ ನನಗೆ ಈಗಲೂ ಬೇಕು. ಮೊಣಕಾಲಿಗೆ ಕೈಕಟ್ಟಿ ಕೂತು ನನ್ನ ಸುಳ್ಳನ್ನು ಕೇಳುತ್ತಿದ್ದ ಅಪ್ಪ ಬೇಕು.

ಆಮೇಲೊಂದು ವರ್ಷ ಮಂತ್ರಿಗಳು ಬರುತ್ತಾರೆಂದು ಕಚೇರಿಗೆಲ್ಲ ಸುಣ್ಣ ಹೊಡೆಸಿದರು. ಮೇಲಿನವರು ಕಲ್ಲುಗಳಿಗೂ ಬಳಿಯಿರಿ ಅಂದರು. ಮಂತ್ರಿಗಳು ಆ ಕಡೆ ತಲೆಯೂ ಹಾಕಲಿಲ್ಲ, ಅದು ಬೇರೆ ಮಾತು. ಅವರ ಕಾರು ಗೇಟು ದಾಟಿದ್ದೇ ತಡ, ಅಪ್ಪ ತಂತಿ ಬ್ರಷ್ಷು ತಂದು ದೊಡ್ಡ ಕಲ್ಲಿನ ಸುಣ್ಣ ಕೆರೆಯಲು ಕೂತ. ಅಕ್ಷರದೊಳಗೆ ಸುಣ್ಣ ಹೊಕ್ಕಿದೆ, ಮಗಳು ಓದುವುದು ಹೇಗೆ ಎನ್ನುವುದೇ ಅವನ ಚಿಂತೆ. ಊಟದ ಹೊತ್ತಿನಲ್ಲೆಲ್ಲ ಇಟ್ಟಿಗೆ ಪುಡಿ ಹಾಕಿ, ಪಾತ್ರೆ ತಿಕ್ಕುವ ಹಾಗೆ ತಿಕ್ಕಿದ. ತಿಂಗಳುಗಟ್ಟಲೆ ತಿಕ್ಕಿದ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಶಾಸನ ಓದುವ ಮೇಷ್ಟ್ರೊಬ್ಬರು ಬಂದರು. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ, ಮಸಿ ಒತ್ತಿ ಅಚ್ಚು ತೆಗೆದರು. ಕಚೇರಿಯೇ ಹೊರಗೆ ಬಂದು ನಿಂತಿತ್ತು. ಮೊದಲ ಸಾಲಿನ "ಸ್ವಸ್ತಿ ಶ್ರೀ" ಓದಿ ಮೇಷ್ಟ್ರು ನಿಂತುಬಿಟ್ಟರು. ಅಕ್ಷರ ಬೆಳ್ಳಗೆ ಮೂಡಬೇಕಿದ್ದ ಕೆಳಗಿನ ಸಾಲುಗಳ ಜಾಗ ಕಾಗದದ ಮೇಲೆ ಬರೀ ಕಪ್ಪು.

"ಯಾರ್ರೀ ಇದನ್ನ ಉಜ್ಜಿದ್ದು? ಅಕ್ಷರ ಎಲ್ಲಾ ಸವೆದುಹೋಗಿದೆಯಲ್ಲ! ಇನ್ನು ಯಾರಿಗೂ ಓದಕ್ಕಾಗಲ್ಲ."

"ನಾನೇ ಸ್ವಾಮಿ" ಎಂದ ಅಪ್ಪ. ಆಮೇಲೆ ಒಮ್ಮೆಲೇ ಅವನ ಮುಖ ಅರಳಿತು. "ಏನೂ ಯೋಚ್ನೆ ಮಾಡ್ಬೇಡಿ ಸ್ವಾಮಿ. ಸವೆಯಕ್ಕೆ ಮುಂಚೇನೇ ನನ್ ಮಗ್ಳು ಓದವ್ಳೆ. ಬಾಯ್ಪಾಠ ಐತೆ ಅವ್ಳಿಗೆ. ಹೇಳವ್ವಾ, ಬರ್ಕತಾರೆ."

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು, "ಹೇಳಮ್ಮ" ಅಂದರು. ಅವರಿಗೂ ಆಸೆ, ಪಾಪ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅವರು ಬರೆದುಕೊಂಡರೆ ಅದು ಪುಸ್ತಕ ಸೇರುತ್ತದೆ ಅನ್ನುವಷ್ಟು ಬುದ್ಧಿ ನನಗೆ ಆಗ ಬಂದಿತ್ತು. "ನನಗೆ ಓದಕ್ಕೆ ಬರಲಿಲ್ಲ ಸಾರ್. ಕಟ್ಟಿ ಹೇಳಿದ್ದೆ" ಎಂದೆ.

ಗುಮಾಸ್ತರೊಬ್ಬರು ಕಿಸಕ್ಕನೆ ನಕ್ಕರು. "ಏನಯ್ಯಾ, ನಿಮ್ಮಪ್ಪ ದೊಡ್ಡ ವೀರ ಅಂತಿದ್ದೆ?" ಇನ್ನು ಕೇಳಬೇಕೆ, ಎಲ್ಲರೂ ನಕ್ಕರು. ಅಪ್ಪನೂ ನಕ್ಕ. "ಮಗಾ ಅಲ್ವಾ ಸ್ವಾಮಿ, ಆಟಕ್ಕೆ ಹೇಳೈತೆ" ಎಂದು ಕೊಡಪಾನ ಎತ್ತಿಕೊಂಡು ಗಿಡಗಳ ಕಡೆ ಹೋದ.

ಅಪ್ಪ ಬೈಯಲಿಲ್ಲ. ಬೈದಿದ್ದರೆ, ಎರಡು ಬಾರಿಸಿದ್ದರೆ, ಅತ್ತು ಹಗುರಾಗುತ್ತಿದ್ದೆ. ಮುಂದಿನ ಭಾನುವಾರವೂ ಗಾಂಧಿ ಬಜಾರಿಗೆ ಕರೆದುಕೊಂಡು ಹೋದ, ಕಡ್ಲೆಕಾಯಿಯನ್ನೂ ಕೊಡಿಸಿದ. ಬೋರ್ಡುಗಳ ಮುಂದೆ ನಿಲ್ಲಲಿಲ್ಲ. ನಾನೇ ಒಂದೆರಡು ಜೋರಾಗಿ ಓದಿದೆ. "ಊಂ" ಎಂದು ಮುಂದೆ ನಡೆದ.

ಎಂಬತ್ತರ ದಶಕದ ಕೊನೆಗೆ ಅಪ್ಪನ ನಿವೃತ್ತಿ ಆದೇಶ ಬಂತು. ಅಷ್ಟರಲ್ಲಿ ನಾನೂ ಸರ್ಕಾರಿ ಟೈಪಿಸ್ಟ್ ಆಗಿದ್ದೆ, ಅಂಥ ಆದೇಶಗಳನ್ನು ದಿನಕ್ಕೆ ಹತ್ತು ಟೈಪು ಮಾಡುತ್ತಿದ್ದೆ. ಅವನು ಕೇಳಲಿಲ್ಲ, ನಾನೇ ಕೈಯಿಂದ ತೆಗೆದುಕೊಂಡೆ. ಪಕ್ಕದಲ್ಲಿ ಕೂತು, ಒಂದೊಂದು ಪದದ ಕೆಳಗೂ ಬೆರಳಿಟ್ಟು, ಸಹಿಯ ತನಕ ಓದಿದೆ. ಅಪ್ಪ ತಲೆಯಾಡಿಸಿ, "ಚೆನ್ನಾಗಿ ಓದ್ದೆ ಕಣವ್ವಾ" ಎಂದ. ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ಚಪ್ಪಲಿ ಮೆಟ್ಟಿದ.

ಬೀದಿಯಲ್ಲಿ ಎದುರುಮನೆಯ ಟೈಲರು ಪೇಪರು ನೋಡುತ್ತಾ ನಿಂತಿದ್ದ. ನಾನು ಬಾಗಿಲಲ್ಲಿರುವುದು ಅಪ್ಪನಿಗೆ ಗೊತ್ತಿರಲಿಲ್ಲ. ಕಾಗದ ಬಿಚ್ಚಿ ಅವನ ಕೈಗೆ ಕೊಡುತ್ತಾ, ದನಿ ತಗ್ಗಿಸಿ ಹೇಳಿದ: "ನನ್ ಮಗ್ಳು ಓದವ್ಳೆ. ಆದ್ರೂ ನೀನೊಂದ್ಸಲ ಓದಿ ಹೇಳ್ಬುಡಪ್ಪ."